ಐವತ್ತು ಕಿಲೋ ಅಕ್ಕಿ, ಸೊನ್ನೆ ಕೆಲಸ

ನವಿ ಮುಂಬಯಿಯಲ್ಲಿ ಮೂರು ದಿನ ತರಬೇತಿ ಪಡೆದು, ಚಟುವಟಿಕೆಯ ಮೂಲಕ ಕಲಿಸಬಲ್ಲೆನೆಂಬ ಪ್ರಮಾಣಪತ್ರ ಹಿಡಿದು ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ನಮ್ಮ ಕನ್ನಡ ಶಾಲೆಗೆ ಮರಳಿದಾಗ, ಭೌತಶಾಸ್ತ್ರವನ್ನು ನಾನೇ ಕಂಡುಹಿಡಿದವಳಂತೆ ಬೀಗುತ್ತಿದ್ದೆ. 'ಕೆಲಸ ಮತ್ತು ಶಕ್ತಿ' ಪಾಠಕ್ಕೆ ಗೋಲಿ, ರಬ್ಬರ್ ಬ್ಯಾಂಡು, ಆಟದ ಕಾರು ಎಲ್ಲ ಸಜ್ಜಾಗಿದ್ದವು. ಅಷ್ಟು ಸಾಲದೆಂದು ಜೀವಂತ ಮನುಷ್ಯರೊಬ್ಬರನ್ನೂ ಕರೆಸಿದ್ದೆ.

ಅವರು ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಅಪ್ಪ. ಕಲಬುರಗಿ ಕಡೆಯವರು, ಗೋದಾಮಿನಲ್ಲಿ ಹಮಾಲಿ. ಮಗಳ ಓದು ಈ ವರ್ಷಕ್ಕೆ ಸಾಕು ಎಂದಿದ್ದರು. ಅವಳು ಕಲಿಯುವುದನ್ನು ಕಣ್ಣಾರೆ ಕಂಡರೆ ಮನಸ್ಸು ಬದಲಾದೀತು ಎಂಬುದು ನನ್ನ ಮಹಾ ಉಪಾಯ.

ಚಿಕ್ಕ ಮಕ್ಕಳ ಬಿಸಿಯೂಟಕ್ಕೆಂದು ಬಂದಿದ್ದ ಐವತ್ತು ಕಿಲೋ ಅಕ್ಕಿ ಮೂಟೆಯನ್ನು ಅವರು ಹೂ ಎತ್ತಿದಂತೆ ಎತ್ತಿ ಹೆಗಲಿಗೇರಿಸಿದರು.

"ನೋಡಿ, ಇದು ಕೆಲಸ" ಎಂದೆ ಮಕ್ಕಳಿಗೆ. "ಇನ್ನು ಅಲ್ಲಾಡದೆ ನಿಲ್ಲಿ" ಎಂದು ಅವರಿಗೆ ಹೇಳಿ ಬೋರ್ಡಿನತ್ತ ತಿರುಗಿದೆ. ಸ್ಥಾನಪಲ್ಲಟ ಸೊನ್ನೆಯಾದರೆ ಕೆಲಸವೂ ಸೊನ್ನೆ. ಇಡೀ ತರಗತಿ ಒಕ್ಕೊರಲಿನಿಂದ ಸೊನ್ನೆ ಎಂದಿತು. ಉಬ್ಬಿಹೋಗಿ ಇನ್ನೆರಡು ಲೆಕ್ಕ ಮಾಡಿಸಿದೆ, ಗೋಲಿ ಉರುಳಿಸಿದೆ, ತರಬೇತಿಯಲ್ಲಿ ಕಲಿತ ಶಕ್ತಿಗೀತೆಯನ್ನೂ ಬಿಡದೆ ಹಾಡಿಸಿದೆ.

"ಟೀಚರ್, ಪಪ್ಪಾ ಅಭೀ ತಕ್ ಖಡೇ ಹೈ" ಎಂದಳು ಹುಡುಗಿ.

ತಿರುಗಿ ನೋಡಿದರೆ ಅವಳಪ್ಪ ಇನ್ನೂ ನಿಂತೇ ಇದ್ದರು, ಮೂಟೆ ಹೆಗಲ ಮೇಲೆಯೇ ಇತ್ತು. ಅಂಗಿ ಬೆವರಿಗೆ ತೊಯ್ದಿತ್ತು.

"ಇಳಿಸಿ ಮಾರಾಯ್ರೆ, ಇಷ್ಟು ಹೊತ್ತು ಯಾಕೆ ಹೊತ್ಕೊಂಡು ನಿಂತದ್ದು?"

"ನೀವ ಇಳಸು ಅಂದಿಲ್ರಿ ಅಕ್ಕೋರೆ. ಸಾಲ್ಯಾಗ ಹೇಳದ ಹೆಂಗ ಇಳಸೋದ್ರಿ?"

ಮೂಟೆ ಇಳಿಸಿ ಬೋರ್ಡು ನೋಡಿದರು. "ಇಷ್ಟೊತ್ತು ನಿಂತದ್ದು ಸೊನ್ನಿ ಏನ್ರಿ?"

ನನಗೆ ನಾಚಿಕೆಯಾಯಿತು. ಮೈಯೊಳಗೆ ಶಕ್ತಿ ಖರ್ಚಾಗುತ್ತದೆ, ಆದರೆ ಈ ಸೂತ್ರದಲ್ಲಿ ಅದು ಬರುವುದಿಲ್ಲ ಎಂದು ತೊದಲಿದೆ.

"ಮತ್ತ ಅದನ್ನ ಯಾವಾಗ ಕಲಸ್ತೀರಿ?"

"ಹತ್ತನೆಯದರಲ್ಲಿ" ಎಂದುಬಿಟ್ಟೆ. ಪ್ರಮಾಣಪತ್ರ ಪಡೆದವರ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ.

ಅವರು ಹೆಗಲು ಒರೆಸಿಕೊಂಡು ಮಗಳ ಕಡೆ ತಿರುಗಿದರು. "ಹಂಗಾರ ಹತ್ತನೇದೂ ಓದು. ನಂದು ಸೊನ್ನಿ ಅಲ್ಲಂತ ಬರದು ತೋರ್ಸು ನನಗ."

ಹತ್ತನೆಯ ಪುಸ್ತಕದಲ್ಲಿ ಆ ಪಾಠವೇ ಇಲ್ಲ. ಜೂನಿನಲ್ಲಿ ಶಾಲೆ ಶುರುವಾದ ಮೊದಲ ದಿನವೇ ಹುಡುಗಿ ಮುಂದಿನ ಬೆಂಚಿನಲ್ಲಿ ಕೂತು, ಹೊಸ ಪುಸ್ತಕ ತೆರೆದು, ಅದು ಎಷ್ಟನೇ ಪುಟದಲ್ಲಿದೆ ಎಂದು ಕೇಳಿದಳು.