ಟಿವಿಯ ಸದ್ದಿನ ಮರೆಯಲ್ಲಿ

ಮಲೇಷ್ಯಾಕ್ಕೆ ಬಂದ ಮೊದಲ ಭಾನುವಾರವೇ ರಾಬಿನ್ ಲಸ್ರಾದೊ ಆಫೀಸಿಗೆ ಹೋದ ಕಥೆ ಕೇಳಬೇಕು ನೀವು. ಮನೆಯವರು ಏಳುವ ಮೊದಲೇ ಎದ್ದು, ಇಸ್ತ್ರಿ ಅಂಗಿ ಹಾಕಿ, ಐಡಿ ಕಾರ್ಡು ಕುತ್ತಿಗೆಗೆ ಸಿಕ್ಕಿಸಿಕೊಂಡು, ಸುಬಾಂಗ್ ಜಯಾದಿಂದ ರೈಲು ಹತ್ತಿ ಪೆಟಾಲಿಂಗ್ ಜಯಾದಲ್ಲಿ ಇಳಿದ. ಕಂಪನಿಯ ಗಾಜಿನ ಬಾಗಿಲಿಗೆ ಬೀಗ. ಕಾವಲಿಗೆ ಕೂತಿದ್ದ ನೇಪಾಳಿ ಕುರ್ಚಿಯಿಂದ ಏಳದೆಯೇ, "ಸಾಬ್, ಇವತ್ತು ಸಂಡೇ" ಎಂದ. ಆಗ ರಾಬಿನ್‌ನ ಮುಖ ನೋಡಬೇಕಿತ್ತು!

ತಪ್ಪು ಅವನದಲ್ಲ ಬಿಡಿ. ಸೌದಿಯ ದಮ್ಮಾಮಿನಲ್ಲಿ ಹದಿನಾರು ವರ್ಷ ದುಡಿದವನು. ಅಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸ. ಇಲ್ಲಿ ಭಾನುವಾರ ರಜೆ ಎಂಬುದು ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಬೆವರು ಒರೆಸಿಕೊಂಡು ಮನೆಗೆ ವಾಪಸು ಬಂದರೆ ಹೆಂಡತಿ ಅನ್ನಿ ಒಳ್ಳೆ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. "ಎಂಥ ಮಾರಾಯ್ರೆ ನೀವು! ಇಷ್ಟು ವರ್ಷ ಆದ ಮೇಲೆ ಇಗರ್ಜಿ ಇರುವ ಊರಿಗೆ ಬಂದಿದ್ದೇವೆ. ಪೂಜೆಗೆ ಹೋಗುವ ಅಂತ ನಾನು ಕಾಯ್ತಾ ಇದ್ರೆ ನೀವು ಡ್ಯೂಟಿಗೆ ಹೋದದ್ದಾ?" ಒಂಬತ್ತು ವರ್ಷದ ಮಗಳು ಆಲಿಶಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಾಗಲೂ ಆ ಮಗುವಿನ ದನಿ ಹೊರಗೆ ಬರುತ್ತಿರಲಿಲ್ಲ. ಆವತ್ತು ಅದನ್ನು ಯಾರೂ ಗಮನಿಸಲಿಲ್ಲ.

ದಮ್ಮಾಮಿಗೆ ಹೋದ ಮೊದಲ ದಿನ ರಾಬಿನ್‌ಗೆ ಪಾಠ ಹೇಳಿದವನು ರೂಮಿನ ಜೊತೆಗಾರ, ಉಡುಪಿ ಕಡೆಯ ಜಯಕರ. ರಾಬಿನ್ ಸೂಟ್‌ಕೇಸು ಬಿಚ್ಚಿ, ತಾಯಿ ಕೊಟ್ಟ ಮರಿಯಮ್ಮನ ಪುಟ್ಟ ಮೂರ್ತಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಡಲು ಹೋದಾಗ ಜಯಕರ ಗಡಬಡಿಸಿ ಎದ್ದು ಬಂದ. "ಅಲ್ಲಿ ಬೇಡ ಮಾರಾಯ! ನನ್ನ ಗಣಪತಿ ಕ್ಯಾಲೆಂಡರಿನ ಹಿಂದೆ ಇದ್ದಾನೆ, ನಿನ್ನ ಮರಿಯಮ್ಮನೂ ಕಪಾಟಿನ ಒಳಗೇ ಇರಲಿ. ಪ್ರಾರ್ಥನೆ ಮಾಡು, ಯಾರು ಬೇಡ ಅಂದ್ರು? ಆದರೆ ಗೋಡೆಗೂ ಕೇಳಬಾರದು." ರಾಬಿನ್‌ಗೆ ಆ ದೇಶದ ಮೊದಲ ನೆನಪು ಎಂದರೆ ಮರಳಲ್ಲ, ಬಿಸಿಲಲ್ಲ, ಆ ಕಪಾಟಿನ ಬಾಗಿಲು.

ಹಾಗಂತ ಅಲ್ಲಿ ಯಾರಾದರೂ ಅವನನ್ನು ಬೈದರಾ, ಹೊಡೆದರಾ? ಇಲ್ಲಪ್ಪ. ಸಂಬಳ ಸಮಯಕ್ಕೆ ಬರುತ್ತಿತ್ತು. ಧಣಿ ಖರ್ಜೂರ, ಕಾವಾ ಕಾಫಿ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಅನ್ನಿಗೆ ಹೆರಿಗೆಯಾದಾಗ ಆಸ್ಪತ್ರೆಗೆ ಕಾರು ಕಳಿಸಿದವನೂ ಅವನೇ. ಆದರೂ ಹೆದರಿಕೆ ಎಂಬುದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂತು. ಅವರಿಗೆ ಹೀಗಾಯಿತಂತೆ, ಇವರನ್ನು ಪೊಲೀಸರು ಕರೆದರಂತೆ ಎಂದು ಕೇಳಿ ಕೇಳಿ ರಾಬಿನ್ ತನ್ನ ಫ್ಲ್ಯಾಟಿನಲ್ಲಿ ಒಂದು ಪದ್ಧತಿ ಮಾಡಿಕೊಂಡ. ಸಂಜೆ ತೇರ್ಸಕ್ಕೆ, ಅಂದರೆ ಜಪಸರದ ಪ್ರಾರ್ಥನೆಗೆ, ಕೂರುವ ಮೊದಲು ಪರದೆ ಎಳೆಯುವುದು, ಬಾಗಿಲ ಅಡಿಗೆ ಟವೆಲು ಸುರುಳಿ ಸುತ್ತಿ ತುರುಕುವುದು, ಟಿವಿಯ ಸದ್ದು ಏರಿಸುವುದು, ಆಮೇಲೆ ಜಪಮಣಿ ಹಿಡಿದು ಪಿಸುಗುಡುವುದು. ಆಲಿಶಾ ಮಾತು ಕಲಿತದ್ದೇ ಈ ಮನೆಯಲ್ಲಿ. ಪ್ರಾರ್ಥನೆಯ ಹೊತ್ತಿಗೆ ಅವಳ ದನಿ ಒಂಚೂರು ಏರಿದರೂ ರಾಬಿನ್ ತುಟಿಯ ಮೇಲೆ ಬೆರಳಿಡುತ್ತಿದ್ದ. ಮಗು ಬೇಗ ಕಲಿಯಿತು, ಅಪ್ಪನಿಗೆ ಹೆಮ್ಮೆಯೂ ಆಯಿತು.

ಮಲೇಷ್ಯಾದಲ್ಲಿ ರಂಜಾನ್ ಉಪವಾಸದ ತಿಂಗಳು ಬಂದಾಗ ಅವನು ಮಾಡಿದ್ದು ಇನ್ನೊಂದು ಫಜೀತಿ. ಮಧ್ಯಾಹ್ನ ಕಂಪನಿಯ ಪಾರ್ಕಿಂಗಿನಲ್ಲಿ, ಸಹೋದ್ಯೋಗಿಯ ಕಾರಿನ ಕೀಲಿ ಬೇಡಿ ತಂದು, ಹಿಂದಿನ ಸೀಟಿನಲ್ಲಿ ಬಗ್ಗಿ ಕೂತು ಅನ್ನ ಮೀನು ತಿನ್ನುತ್ತಿದ್ದ. ಕಿಟಕಿಗೆ ಟಕಟಕ. ನೋಡಿದರೆ ಮ್ಯಾನೇಜರ್ ಫೈಸಲ್! ರಾಬಿನ್ ಬುತ್ತಿಯನ್ನು ಸೀಟಿನ ಅಡಿಗೆ ತಳ್ಳಿದ. ಫೈಸಲ್ ಬೇಸರದಿಂದ, ಇಲ್ಲಿಯವರೆಲ್ಲ ಮಾಡುವಂತೆ ಮಾತಿನ ಬಾಲಕ್ಕೊಂದು 'ಲಾ' ಸೇರಿಸಿ ಹೇಳಿದ, "ಬ್ರೋ, ಉಪವಾಸ ನನ್ನದು ಲಾ, ನಿನ್ನದಲ್ಲ. ಒಳಗೆ ಪ್ಯಾಂಟ್ರಿ ಇದೆ, ಫ್ಯಾನ್ ಇದೆ. ನೀನು ಹೀಗೆ ಅಡಗಿ ಕೂತರೆ ನಾನೇನೋ ನಿನ್ನನ್ನು ಹೆದರಿಸಿದ ಹಾಗೆ ಕಾಣ್ತದೆ." ರಾಬಿನ್ ಸಾರಿ ಹೇಳಿದ. ಮರುದಿನ ಪ್ಯಾಂಟ್ರಿಗೆ ಹೋದ, ಆದರೆ ಗೋಡೆಗೆ ಮುಖ ಮಾಡಿ ಕೂತು ತಿಂದ.

ಇದನ್ನೆಲ್ಲ ನಗುತ್ತಾ ಹೇಳಬಹುದು. ನಗಲಾಗದ ಸಂಗತಿ ಸೆಪ್ಟೆಂಬರಿನಲ್ಲಿ ಬಂತು. ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವ ಏಂಜೆಲಾ ಟೀಚರ್, ಅವರೂ ಮಂಗಳೂರಿನವರೇ, ಪೂಜೆ ಮುಗಿದ ಮೇಲೆ ರಾಬಿನ್‌ನನ್ನು ಪಕ್ಕಕ್ಕೆ ಕರೆದರು.

"ರಾಬಿನ್, ಮುಂದಿನ ಸಂಡೇ ಮಕ್ಕಳ ಪೂಜೆಗೆ ಕೀರ್ತನೆ ಹಾಡಲು ಆಲಿಶಾನೇ ಕೈ ಎತ್ತಿದ್ದು. ಅಕ್ಷರ ಅಕ್ಷರ ಬಾಯಿಗೆ ಬರ್ತದೆ. ಆದರೆ ಸ್ವರ ಇಲ್ಲ ಮಾರಾಯ್ರೆ! ತುಟಿ ಆಡ್ತದೆ, ಮೈಕಿಗೂ ಕೇಳುವುದಿಲ್ಲ. ಬೇರೆ ಮಗುವಿಗೆ ಕೊಡಬಹುದು, ತೊಂದರೆ ಇಲ್ಲ ಲಾ. ಆದರೆ ಅವಳಿಗೆ ತುಂಬ ಆಸೆ ಉಂಟು, ಅದೇ ನನಗೆ ಬೇಜಾರು. ಈ ವಾರ ಮನೆಯಲ್ಲಿ ನೋಡಿ. ಆಗದಿದ್ದರೆ ಶನಿವಾರ ಹೇಳಿ."

ರೈಲಿನಲ್ಲಿ ಆಲಿಶಾ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. "ಡ್ಯಾಡಾ, ಟೀಚರ್ ಸುಮ್ಮನೆ ಹೇಳೋದು. ನಾನು ಲೌಡ್ ಆಗಿಯೇ ಹಾಡಿದೆ."

ಮಗು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಗಟ್ಟಿ ಅಷ್ಟೇ.

ಆ ವಾರವೇ ಮೊಂತಿ ಹಬ್ಬ. ಮಂಗಳೂರಿನ ಕ್ರೈಸ್ತರಿಗೆ ಮರಿಯಮ್ಮನ ಹುಟ್ಟುಹಬ್ಬವೇ ತೆನೆ ಹಬ್ಬ. ಮಕ್ಕಳು ಹಾಡುತ್ತಾ ಮರಿಯಮ್ಮನಿಗೆ ಹೂ ಹಾಕಬೇಕು, ಹೊಸ ಭತ್ತದ ಕಾಳು ಸುಲಿದು ಹಾಲಿಗೆ ಹಾಕಿ ಕುಡಿಯಬೇಕು, ಬಾಳೆಲೆಯಲ್ಲಿ ಬರೀ ತರಕಾರಿ ಊಟ. ದಮ್ಮಾಮಿನಲ್ಲಿ ಅನ್ನಿ ಊರಿಂದ ತಂದ ಒಂದೇ ಒಂದು ಒಣ ತೆನೆಯನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟು ವರ್ಷ ವರ್ಷ ಎರಡೆರಡು ಕಾಳು ಕೀಳುತ್ತಿದ್ದಳು. ಇಲ್ಲಿ ತಮಿಳರ ಅಂಗಡಿಯಲ್ಲಿ ಬಾಳೆಲೆ, ಕೆಸುವಿನ ದಂಟು, ಹಾಗಲಕಾಯಿ, ದೇವರಿಗೆ ಕಟ್ಟುವ ಸೇವಂತಿಗೆ ಸಮೇತ ಎಲ್ಲ ಸಿಕ್ಕಿತು. ಅನ್ನಿಯ ಖುಷಿ ಹೇಳತೀರದು.

ಹಬ್ಬದ ಸಂಜೆ ರಾಬಿನ್ ಆಫೀಸಿನಿಂದ ಬಂದು ಕೈಕಾಲು ತೊಳೆದ. ಯಾರೂ ಹೇಳಿರಲಿಲ್ಲ, ಅವನಿಗೇ ಅರಿವಿರಲಿಲ್ಲ. ದಿನದ ಹಾಗೆ ಪರದೆ ಎಳೆದ. ಟವೆಲು ಸುತ್ತಿ ಬಾಗಿಲ ಅಡಿಗೆ ತುರುಕಿದ. ಟಿವಿಯಲ್ಲಿ ಯಾವುದೋ ತಮಿಳು ಧಾರಾವಾಹಿ, ಅದರ ಸದ್ದು ಏರಿಸಿದ. ಅತ್ತೆ ಸೊಸೆ ಕಿರುಚಾಡುವ ನಡುವೆ ಆಲಿಶಾ ಬುಟ್ಟಿಯಿಂದ ಹೂ ತೆಗೆದು ಮರಿಯಮ್ಮನ ಪಾದಕ್ಕೆ ಹಾಕುತ್ತಾ ತುಟಿ ಆಡಿಸಿದಳು. ಅನ್ನಿ ಗಂಡನ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ರಾಬಿನ್ ಒಂದೇ ನೆಗೆತಕ್ಕೆ ಮೂರ್ತಿಯನ್ನು ಎತ್ತಿ ಕಪಾಟಿನ ಸೀರೆಗಳ ನಡುವೆ ಇಟ್ಟು ಬಾಗಿಲು ಹಾಕಿದ. ಹೊರಗೆ ಪಕ್ಕದ ಮನೆಯ ಮಲಯ್ ಹೆಂಗಸು ಕಾಕ್ ರೊಹಾನಾ. ಕಾಕ್ ಎಂದರೆ ಇಲ್ಲಿ ಅಕ್ಕ. ತಲೆಗೆ ತುದುಂಗ್ ವಸ್ತ್ರ, ಹೆಗಲ ಮೇಲೆ ಅಳುತ್ತಿದ್ದ ಮೊಮ್ಮಗ.

"ಸಾರಿ ಲಾ ರಾಬಿನ್. ಇಷ್ಟು ದಿನ ಹೇಳಬಾರದು ಅಂತ ಸುಮ್ಮನಿದ್ದೆ. ನಿಮ್ಮ ಟಿವಿ ಈ ಹೊತ್ತಿಗೆ ಯಾಕೆ ಇಷ್ಟು ಜೋರು? ಮಗು ಮಲಗುವುದೇ ಇಲ್ಲ." ಅವಳ ಕಣ್ಣು ನೆಲದ ಮೇಲೆ ಬಿದ್ದ ಹೂಗಳ ಕಡೆ ಹೋಯಿತು. ಮುಖ ಅರಳಿತು. "ಎಷ್ಟು ಚೆಂದ! ಹಬ್ಬವಾ?"

"ಇಲ್ಲ ಇಲ್ಲ," ಎಂದ ರಾಬಿನ್. "ಏನಿಲ್ಲ. ಮಗು ಸುಮ್ಮನೆ ಆಡ್ತಾ ಇದೆ."

ಟಿವಿ ಆರಿಸಿದ. ರೊಹಾನಾ ತಲೆಯಾಡಿಸಿ ಹೋದಳು. ಆಲಿಶಾ ಎರಡೂ ಕೈಯ ಹೂಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು. ಯಾರೂ ಬಚ್ಚಿಡು ಎಂದಿರಲಿಲ್ಲ.

"ಡ್ಯಾಡಾ," ಅವಳು ಪಿಸುಗುಟ್ಟಿದಳು, "ಇಲ್ಲಿ ಕೂಡ ಹೇಳಬಾರದಾ?"

ರಾಬಿನ್‌ಗೆ ನಾಚಿಕೆಯಾಯಿತು. ನಾಚಿಕೆ ಎಂದರೆ ಅಂಥಿಂಥ ನಾಚಿಕೆಯಲ್ಲ. ಪಕ್ಕದ ಮನೆಯಾಕೆ ಇಷ್ಟು ದಿನ ಸಹಿಸಿಕೊಂಡದ್ದು ಅವನ ಪ್ರಾರ್ಥನೆಯನ್ನಲ್ಲ, ಅದನ್ನು ಮುಚ್ಚಲು ಅವನು ಎಬ್ಬಿಸಿದ ಗಲಾಟೆಯನ್ನು. ಇನ್ನು ಮಗಳ ದನಿ? ಅದನ್ನು ಸೌದಿ ತೆಗೆದುಕೊಂಡದ್ದಲ್ಲ, ಅಪ್ಪನೇ ತನ್ನ ಬೆರಳಿಂದ ಒಂದೊಂದು ಸಂಜೆಯೂ ಒಳಗೆ ತಳ್ಳಿದ್ದು.

ಅವನು ಕಪಾಟಿನಿಂದ ಮರಿಯಮ್ಮನನ್ನು ತೆಗೆದು ಮೇಜಿನ ಮೇಲಿಟ್ಟ. ಟವೆಲನ್ನು ಕಾಲಿನಿಂದ ಸರಿಸಿ ಬಾಗಿಲು ತೆರೆದ. ಕಬ್ಬಿಣದ ಗ್ರಿಲ್ ಮಾತ್ರ ಉಳಿಯಿತು, ಅದರಾಚೆ ಕಾರಿಡಾರಿನ ದೀಪ, ಎಲ್ಲ ಮನೆಗಳ ಚಪ್ಪಲಿಗಳು. ಅನ್ನಿ ಬಾಯಿಗೆ ಸೆರಗು ಒತ್ತಿಕೊಂಡಳು. ರಾಬಿನ್ ಮರಿಯಮ್ಮನಿಗೆ ಹೂ ಹಾಕುವ ಹಾಡನ್ನು ಹಾಡತೊಡಗಿದ. ಅಯ್ಯೋ, ಅದನ್ನು ಹಾಡು ಅನ್ನಬೇಕೋ! ಒಂದು ಕಾಲದಲ್ಲಿ ಊರ ಇಗರ್ಜಿಯ ಹಾಡುಗಾರರ ಸಾಲಿನಲ್ಲಿ ನಿಂತವನ ಗಂಟಲಿನಿಂದ ಗಾಳಿ ಬಂತು, ಕೆಮ್ಮು ಬಂತು, ಆಮೇಲೆ ಒಡೆದ ದನಿಯೊಂದು ಬಂತು. ಎರಡನೇ ಸಾಲಿಗೇ ರಾಗ ತಪ್ಪಿತು. ಆಲಿಶಾಳಿಗೆ ತಡೆಯಲಾಗಲಿಲ್ಲ. "ಹಾಗಲ್ಲ ಡ್ಯಾಡಾ, ಹೀಗೆ" ಎಂದು ತಿದ್ದಿ ತೋರಿಸಿದಳು. ದನಿ ಸಣ್ಣದೇ, ಆದರೆ ಅನ್ನಿ ನಿಂತಿದ್ದ ಅಡುಗೆಮನೆಯ ಬಾಗಿಲ ತನಕ ಕೇಳಿಸಿತು.

ಪಕ್ಕದ ಮನೆಯ ಚಿಲಕ ಸರಿದ ಸದ್ದಾಯಿತು. ರೊಹಾನಾ ಗ್ರಿಲ್ ಆಚೆ ಬಂದು ನಿಂತಳು, ಮಗು ಇನ್ನೂ ಹೆಗಲ ಮೇಲೆ. ಕೂಡಲೇ ಹಾಡು ನಿಂತಿತು. ಆಲಿಶಾಳ ಬೆರಳು ತಾನಾಗಿ ಎದ್ದು ತುಟಿಯ ಮೇಲೆ ಕೂತಿತು, ಥೇಟ್ ಅಪ್ಪನ ಹಾಗೆ. ಅವಳು ಆ ಬೆರಳನ್ನು ಅಪ್ಪನಿಗೇ ತೋರಿಸುತ್ತಿದ್ದಳು.

ರಾಬಿನ್ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದ, ಬುಟ್ಟಿಯಿಂದ ಹೂ ತೆಗೆದು ಅದರಲ್ಲಿ ತುಂಬಿದ. ಆಮೇಲೆ ಗ್ರಿಲ್ ಕಡೆ ತಿರುಗಿದ. "ಆಗ ಸುಳ್ಳು ಹೇಳಿದೆ ಕಾಕ್. ಇವತ್ತು ನಮ್ಮ ಹಬ್ಬ. ನನ್ನ ಮಗಳು ಹಾಡ್ತಾಳೆ. ಮಗುವಿಗೆ ತೊಂದರೆ ಆಗ್ತದಾ?"

"ಟಿವಿಗಿಂತ ವಾಸಿ ಲಾ," ಎಂದಳು ರೊಹಾನಾ, ಮೊಮ್ಮಗನ ಬೆನ್ನು ತಟ್ಟುತ್ತಾ ಅಲ್ಲೇ ಗೋಡೆಗೆ ಒರಗಿದಳು.

"ಹಾಡು ಮಗಾ," ಎಂದ ರಾಬಿನ್. "ಗಟ್ಟಿಯಾಗಿ."

ಆಲಿಶಾ ಅಪ್ಪನ ಮುಖವನ್ನೇ ನೋಡಿದಳು. "ಎಷ್ಟು ಗಟ್ಟಿ?"

"ನನಗೂ ಮರೆತು ಹೋಗಿದೆ ಮಗಾ," ಎಂದ ರಾಬಿನ್. "ನೀನೇ ಹಾಡಿ ತೋರಿಸು."