ಭಾವನವರ ಔಷಧ

ಪುಣೆಯ ಸದಾಶಿವ ಪೇಠೆಯ ನಮ್ಮ ಮನೆಯಲ್ಲಿ ಹೆಂಡಕ್ಕೆ ಸೆರೆ ಎಂಬ ಶಬ್ದ ಇರಲಿಲ್ಲ, ಸೆರೆ ಮಾತ್ರ ಇತ್ತು. ನನ್ನ ಗಂಡನ ಅಣ್ಣ ಕಚೇರಿಯಿಂದ ಬಂದು, ಸಂಧ್ಯಾವಂದನೆ ಮುಗಿಸಿ, ಬಾಟಲಿ ತೆಗೆಯುತ್ತಿದ್ದರು. ಅತ್ತೆಯವರು ಅದಕ್ಕೆ ‘ಔಷಧ’ ಎಂದು ನಾಮಕರಣ ಮಾಡಿದ್ದರು. ಧಾರವಾಡದ ಮರ್ಯಾದಸ್ಥರು ನಾವು. ಔಷಧ ಬೇಡವೆನ್ನಲು ಬರುತ್ತದೆಯೇ? ವಾಸನೆ ನಾಲ್ಕಾರು ಸಂಸಾರಗಳ ವಾಡೆಯ ಅಂಗಳವೆಲ್ಲ ಸುತ್ತಿ ಬರುತ್ತಿತ್ತು, ಮರ್ಯಾದೆ ಒಳಗೇ ಇತ್ತು.

ಒಂದು ಮಳೆಗಾಲ ಭಾವನವರ ಮೀನಖಂಡ ಸೆಟೆದುಕೊಳ್ಳತೊಡಗಿತು. ಆಮೇಲೆ ತೊಡೆಯ ಬಲವೇ ಹೋಗಿ, ಊಟದ ಮಣೆಯಿಂದ ಏಳಲು ಇಬ್ಬರು ಹಿಡಿಯಬೇಕಾಯಿತು. ವಾತವೆಂದು ಅತ್ತೆ ಎಣ್ಣೆ ತಿಕ್ಕಿದರು. ನೋವಿಗೆಂದು ಭಾವ ಔಷಧ ಹೆಚ್ಚಿಸಿದರು. ಕೊನೆಗೆ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದಾಗ ಅವರ ಹೆಂಡತಿ, ನನ್ನ ನೆಗೆಣ್ಣಿ, ಹೆದರಿ ಡಾಕ್ಟರನ್ನು ಕರೆಸಿದರು.

ಮರಾಠಿ ಡಾಕ್ಟರು ಕೇಳಿದ್ದು ಸಾದಾ ಪ್ರಶ್ನೆ: ಔಷಧ ಏನಾದರೂ ನಡೆದಿದೆಯೇ? ಅತ್ತೆ ತಮ್ಮ ಅರ್ಧ ಧಾರವಾಡದ ಮರಾಠಿಯಲ್ಲಿ, ದಿನಾಲೂ ತಪ್ಪದೆ ತೆಗೆದುಕೊಳ್ಳುತ್ತಾನೆ ಎಂದರು. ಡಾಕ್ಟರಿಗೆ ಸಂತೋಷವಾಯಿತು. ಬಿಡಬೇಡಿ ಎಂದು ಹೇಳಿ ಹೋದರು. ಅಷ್ಟು ವಿಧೇಯ ರೋಗಿ ಪುಣೆಯಲ್ಲೇ ಇನ್ನೊಬ್ಬನಿರಲಿಕ್ಕಿಲ್ಲ. ಮರುದಿನ ಭಾವನವರಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ.

ಮತ್ತೆ ಬಂದ ಡಾಕ್ಟರು, “ಆ ಔಷಧ ತೋರಿಸಿ” ಎಂದರು. ಅತ್ತೆ ದೇವರ ಗೂಡು ನೋಡಿದರು. ನನ್ನ ಗಂಡ ಮಾಡಿನ ತೊಲೆ ನೋಡಿದರು. ಹಿರಿಯರೆದುರು ಎಂದೂ ದನಿಯೆತ್ತದ ನೆಗೆಣ್ಣಿ ಬಾಗಿಲಲ್ಲಿ ನಿಂತು ಕಿರುಚಿದರು: “ದಾರೂ! ಔಷಧ ಅಲ್ಲರೀ, ದಾರೂ!”

ಕೆಳಗಿನ ಮನೆಯ ಮರಾಠಿ ಅಜ್ಜಿ ಅಂಗಳದಿಂದಲೇ, “ಅಂತೂ ಹೇಳಿದಿರಲ್ಲ! ನಿಮಗೊಬ್ಬರಿಗೇ ಗೊತ್ತಿಲ್ಲ ಅಂದುಕೊಂಡಿದ್ದೆವು” ಎಂದರು. ನನಗೆ ನಗು ಬಂತು. ನೆಗೆಣ್ಣಿ ಬಾಟಲಿ ತಂದು ಡಾಕ್ಟರ ಮುಂದಿಟ್ಟಾಗ ಅಳುವೂ ಬಂತು.

ಕುಡಿತ ಮೈಯ ಲವಣಗಳನ್ನು ತೊಳೆದು ಹಾಕಿದೆ, ಸ್ನಾಯುಗಳು ಸಾಯುತ್ತಿವೆ, ಅವುಗಳ ಕೊಳೆಯೇ ಮೂತ್ರದಲ್ಲಿ ಬರುತ್ತಿದೆ ಎಂದು ಡಾಕ್ಟರು ವಿವರಿಸಿ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು. ಕಾಲಿಗೆ ಮೊದಲಿನ ಬಲ ಬರಲೇ ಇಲ್ಲ.

ನೋಡಲು ಊರಿನಿಂದ ನೆಂಟರು ಬಂದರು. “ಕಾಲಿಗೆ ಏನಾತ್ರೀ?”

“ವಾತ ನೋಡ್ರಿ,” ಎಂದರು ಅತ್ತೆ, “ಭಾಳ ಹಳೇ ವಾತ.”

ನೆಗೆಣ್ಣಿ ಅವಲಕ್ಕಿಯ ತಟ್ಟೆಗಳನ್ನು ತಂದು ಅವರ ಮುಂದಿಟ್ಟರು.

“ದಾರೂರಿ,” ಎಂದರು. “ಇನ್ನಷ್ಟು ಹಾಕ್ಲೇನ್ರಿ ಅವಲಕ್ಕಿ?”