ಅವ್ವನ ಕೈ ಕಟ್ಟಿದ ಮಧ್ಯಾಹ್ನ

ನನ್ನ ಅವ್ವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಆದರೂ ನಮ್ಮ ಮನೆಯಲ್ಲಿ ಅವಳಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ. ಎಲ್ಲ ಕೈಯಲ್ಲೇ. ಮೂಗಿನ ಕೆಳಗೆ ಬೆರಳೆಳೆದರೆ ಮೀಸೆಯ ಅಪ್ಪ. ಗಲ್ಲಕ್ಕೆ ಬೆರಳೊತ್ತಿದರೆ ಮಚ್ಚೆಯಿರುವ ನಾನು. ಮುಷ್ಟಿ ಹಿಂಡಿದರೆ ನೋವು. ಚಿಗಟೇರಿಯ ನಮ್ಮ ಓಣಿಯವರೆಲ್ಲ ಅಷ್ಟಿಷ್ಟು ಕಲಿತಿದ್ದರು. ಕುರಿ ಕೊಳ್ಳಲು ಬಂದವರ ಜೊತೆ ಅವಳು ಚೌಕಾಸಿ ಮಾಡುತ್ತಿದ್ದಳು, ಸರಿಬರದಿದ್ದರೆ ಕೈಯಲ್ಲೇ ಬೈದು ಕಳಿಸುತ್ತಿದ್ದಳು.

ಅವಳ ಪಿತ್ತಕೋಶದಲ್ಲಿ ಕಲ್ಲಾಗಿದೆ, ಆಪರೇಷನ್ ಮಾಡಲೇಬೇಕು ಎಂದು ಡಾಕ್ಟರು ಹೇಳಿದಾಗ ನಾನು ಕೊಟ್ಟೂರಿನ ಗಂಡನ ಮನೆಯಿಂದ ಬಂದು ಅವಳನ್ನು ಹರಪನಹಳ್ಳಿಯಿಂದಾಚೆಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ಬೆಳಗಿನ ಪಾಳಿಯಲ್ಲಿದ್ದ ನರ್ಸಿಗೆ ಎಲ್ಲ ಬಿಡಿಸಿ ಹೇಳಿದೆ.

"ಸಿಸ್ಟರ್, ನಮ್ಮವ್ವ ಕೈಯಾಗ ಮಾತಾಡ್ತಾಳ್ರಿ. ಮುಷ್ಟಿ ಹಿಂಡಿದ್ರ ನೋವು ಅಂತ. ಬೊಗಸಿ ಬಾಯಿಗೆ ಹಿಡಿದ್ರ ನೀರು."

"ಹಿಂಗೇನಕ್ಕ?" ಎಂದು ಅವಳು ಮುಷ್ಟಿ ಮಾಡಿ ತೋರಿಸಿದಳು. ಅವ್ವ ಹೆಬ್ಬೆರಳನ್ನು ಒಳಗೆ ಮಡಿಸಿ ತಿದ್ದಿದಳು. ಇಬ್ಬರೂ ನಕ್ಕರು. ಆ ನಗು ನೋಡಿ ನನಗೆ ಧೈರ್ಯ ಬಂತು.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾಗುವವರೆಗೆ ಅವಳನ್ನು ಒಳಗಿನ ಕೋಣೆಯಲ್ಲಿ ಮಲಗಿಸಿದರು. ಮನೆಯವರಿಗೆ ಅಲ್ಲಿ ಪ್ರವೇಶವಿಲ್ಲ. ಬಾಗಿಲಿಗೊಂದು ಗಾಜಿನ ಕಿಂಡಿ ಇತ್ತು, ಅದಕ್ಕೆ ಮುಖವಿಟ್ಟು ನಿಂತೆ.

ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತು. ಬೆಳಗಿನ ನರ್ಸು ಹೆಗಲಿಗೆ ಚೀಲ ಹಾಕಿಕೊಂಡು ಅವ್ವನ ಮಂಚದ ಬಳಿ ನಿಂತು ಹೊಸಬಳಿಗೆ ಒಂದೊಂದೇ ಹೇಳುತ್ತಿದ್ದಳು. ಹೊಟ್ಟೆಯ ಮೇಲಿನ ಪಟ್ಟಿ ತೋರಿಸಿದಳು, ಸಲೈನ್ ಬಾಟಲಿ ತೋರಿಸಿದಳು. ಆಮೇಲೆ ತನ್ನ ಕಿವಿಯ ಕಡೆ ಬೆರಳೆತ್ತಿದಳು. ಅದೇ ಗಳಿಗೆಗೆ ಥಿಯೇಟರಿನಿಂದ ಇನ್ನೊಬ್ಬ ರೋಗಿಯನ್ನು ತಳ್ಳಿಕೊಂಡು ಬಂದರು. ಅವನಿಗೆ ಏನೋ ಕಷ್ಟವಾಗಿತ್ತು. ಹೊಸಬಳು ಅತ್ತ ಓಡಿದಳು, ಇವಳೂ ಹಿಂದೆಯೇ ಓಡಿದಳು. ಬೆಳಗಿನವಳು ಅಲ್ಲಿ ಕೈಜೋಡಿಸಿ, ಆಚೆ ಬದಿಯ ಬಾಗಿಲಿನಿಂದ ಹೊರಟೇಹೋದಳು.

ಅವ್ವ ಕಣ್ಣು ಬಿಟ್ಟಳು. ಸುತ್ತ ಮುಖ ಮುಚ್ಚಿಕೊಂಡವರೇ. ಗಲ್ಲಕ್ಕೆ ಬೆರಳೊತ್ತಿದಳು, ನನ್ನನ್ನು ಕೇಳಿದಳು. ಮುಷ್ಟಿ ಹಿಂಡಿದಳು. ಮತ್ತೆ ಹಿಂಡಿದಳು. ಹೊಸ ನರ್ಸು ಓಡಿಬಂದು ಕಿವಿಯ ಹತ್ತಿರ ಬಗ್ಗಿ ಏನೋ ಅಂದಳು. ಅವ್ವ ಆ ಮುಷ್ಟಿಯನ್ನು ಅವಳ ಮುಖದ ಮುಂದೆಯೇ ಹಿಡಿದಾಗ ಅವಳು ಬೆದರಿ ಹಿಂದೆ ಸರಿದಳು. ಸಲೈನಿನ ಪೈಪು ಜಗ್ಗಿ ಬಾಟಲಿ ತೂಗಾಡಿತು. ಆ ಕಡೆ ಇನ್ನೊಬ್ಬ ರೋಗಿಗೆ ಉಸಿರು ಸರಿಯಿರಲಿಲ್ಲ. ಅವಳು ಬ್ಯಾಂಡೇಜ್ ಬಟ್ಟೆ ತಂದು ಅವ್ವನ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿ ಓಡಿದಳು.

ನಾನು ಬಾಗಿಲು ಬಡಿದೆ. ಆಯಾ ಬಂದು ತುಸುವೇ ತೆರೆದಳು.

"ಏನವ್ವಾ, ಬಾಗ್ಲಾ ಮುರಿತೀಯೇನು?"

"ನಮ್ಮವ್ವನ ಕೈ ಕಟ್ಯಾರ್ರಿ!"

"ಅಮಲಿನ್ಯಾಗ ಎಲ್ಲಾರೂ ಹಂಗ ಎಳದಾಡ್ತಾರ. ಪೈಪ್ ಕಿತ್ಕೊಂಡ್ರ ಯಾರು ಹೊಣಿ?"

"ಅಕಿ ಮೂಕಿ ಅದಾಳ್ರಿ. ಕೈ ಕಟ್ಟಿದ್ರ ಬಾಯಿ ಕಟ್ಟಿದಂಗ. ಸಿಸ್ಟರ್‌ಗೆ ಇಷ್ಟು ಹೇಳ್ರಿ, ಕೈ ಮುಗಿತೀನಿ."

"ಹೇಳ್ತೀನಿ, ಸರಿ ಅತ್ತಾಗ" ಎಂದು ಬಾಗಿಲು ಹಾಕಿಕೊಂಡಳು. ಹೇಳಿದಳೋ ಇಲ್ಲವೋ, ಒಳಗೆ ಎಲ್ಲರೂ ಆ ಇನ್ನೊಂದು ಮಂಚದ ಸುತ್ತಲೇ ಇದ್ದರು.

ಅವ್ವ ಕತ್ತು ಹೊರಳಿಸಿದಾಗ ಗಾಜಿನಲ್ಲಿ ಅವಳಿಗೆ ನಾನು ಕಂಡೆ. ಅವಳ ಬೆರಳುಗಳು ಮಿಡುಕಿದವು. ನಾನು ಇಲ್ಲೇ ಇದ್ದೇನೆ, ಬಿಡಿಸುತ್ತೇನೆ ಎಂದು ಕೈಯಲ್ಲಿ ಹೇಳಿದೆ. ಹೇಳಿ ಅಲ್ಲೇ ನಿಂತೆ. ಇನ್ನೊಮ್ಮೆ ಹೇಳಿದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು.

ಕೊನೆಗೆ ಆ ನರ್ಸು ಯಾವುದೋ ಔಷಧಿಗೆಂದು ಹೊರಬಂದಾಗ ಅವಳ ತೋಳು ಹಿಡಿದು ಅವ್ವನ ಸಂಗತಿ ಹೇಳಿದೆ.

"ಕಿವಿ ಕೇಳಂಗಿಲ್ಲಾ?" ಅವಳ ಮುಖ ಬಿಳಿಚಿತು. "ನಂಗ ಯಾರೂ ಹೇಳ್ಲಿಲ್ಲಕ್ಕ. ಅಮಲು ಇಳಿದಿಲ್ಲ ಅಂತ ತಿಳ್ಕಂಡೆ."

ನನ್ನನ್ನು ಒಳಗೆ ಕರೆದೊಯ್ದಳು. ಇಬ್ಬರೂ ಸೇರಿ ಗಂಟು ಬಿಚ್ಚಿದೆವು. ಅವಳು ನೋವಿನ ಇಂಜೆಕ್ಷನ್ ಕೊಟ್ಟು, "ತಪ್ಪಾತು ಅಜ್ಜಿ" ಎಂದಳು. ಬಾಯಲ್ಲಿ ಹೇಳಿದ್ದು ಹೊಳೆದು ನನ್ನ ಕಡೆ ನೋಡಿದಳು. ನಮ್ಮ ಮನೆಯ ಕೈಮಾತಿನಲ್ಲಿ ಅದಕ್ಕೊಂದು ಗುರುತೇ ಇರಲಿಲ್ಲ. ಅವಳು ಸುಮ್ಮನೆ ಕೈ ಮುಗಿದಳು. ಬಿಡಿಸಿದ ಕೈಗಳನ್ನು ಅವ್ವ ಹೊದಿಕೆಯೊಳಗೆ ಸೇರಿಸಿಕೊಂಡಳು.

ಆ ಹುಡುಗಿಯ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಇಡೀ ಕೋಣೆಗೆ ಅವಳೊಬ್ಬಳೇ ನರ್ಸು. ಬೆಳಗಿನವಳಂತೂ ಹೇಳಲು ಬಾಯಿ ತೆರೆದಿದ್ದಳು. ಡಾಕ್ಟರ ಹತ್ತಿರ ಈ ಮಾತು ಎತ್ತಿದರೆ, "ಆಪರೇಷನ್ ಚಲೋ ಆಗೈತಲ್ಲಮ್ಮ" ಎಂದರು. ಹೌದು, ಚೆನ್ನಾಗಿಯೇ ಆಗಿತ್ತು.

ಗಾಯ ಮಾಯಿತು, ಹೊಲಿಗೆ ಬಿಚ್ಚಿದರು. ಅವ್ವ ಈಗ ಮೊದಲಿನಂತೆಯೇ ಓಡಾಡುತ್ತಾಳೆ. ಓಣಿಯವರೊಂದಿಗೆ ಮಾತೂ ಇದೆ. ಮೈಯ ಸಂಗತಿ ಮಾತ್ರ ಯಾರಿಗೂ ಹೇಳುವುದಿಲ್ಲ. ಕಳೆದ ಚಳಿಗಾಲದಲ್ಲಿ ಜ್ವರ ಬಂದು ಮಲಗಿದ್ದಳೆಂದು ಪಕ್ಕದ ಮನೆಯವರಿಂದ ತಿಳಿದು ಊರಿಗೆ ಓಡಿದೆ. ನನಗೇಕೆ ಹೇಳಿ ಕಳಿಸಲಿಲ್ಲ ಎಂದು ಕೈಯಲ್ಲಿ ಕೇಳಿದೆ. ಅವಳು ನನ್ನ ಕೈಯನ್ನು ನೋಡಿ, ತಲೆ ಬಗ್ಗಿಸಿ ಮೊರದಲ್ಲಿದ್ದ ಅಕ್ಕಿಯನ್ನು ಆರಿಸತೊಡಗಿದಳು.